ರೇಸಿಂಗ್ ಗೇಮ್‌ಗೆ 87 ಮಾರ್ಕ್ಸ್: ಕೊಟ್ಟವರು ಯಾರು, ಅನುಭವಿಸೋರು ಯಾರು?

ಗ್ರಾನ್ ಟುರಿಸ್ಮೊ 7 ಅನ್ನೋ ಕಾರ್ ರೇಸಿಂಗ್ ಗೇಮ್ 2022ರ ಮಾರ್ಚ್ 4ಕ್ಕೆ ಬಿಡುಗಡೆ ಆಯ್ತು. ಮೆಟಾಕ್ರಿಟಿಕ್‌ನಲ್ಲಿ ಅದಕ್ಕೆ ಎರಡು ಅಂಕಗಳು ಬಂದವು. ವಿಮರ್ಶಕರು ಕೊಟ್ಟದ್ದು ನೂರಕ್ಕೆ 87, ಅಂದ್ರೆ ನಮ್ಮ ಲೆಕ್ಕದಲ್ಲಿ ಡಿಸ್ಟಿಂಕ್ಷನ್. ದುಡ್ಡು ಕೊಟ್ಟು ಕೊಂಡು ಆಡಿದ ಜನ ಅದೇ ತಿಂಗಳಲ್ಲಿ ಕೊಟ್ಟದ್ದು ಹತ್ತಕ್ಕೆ ಎರಡಕ್ಕಿಂತಲೂ ಕಡಿಮೆ. ಅಂದ್ರೆ ಶುದ್ಧ ಫೇಲ್. ಸೋನಿ ಕಂಪನಿಯೇ ತಂದ ಗೇಮ್‌ಗಳಲ್ಲಿ ಅಷ್ಟು ಕೆಳಗೆ ಯಾವುದೂ ಅಲ್ಲಿವರೆಗೆ ಬಿದ್ದಿರಲಿಲ್ಲ.

ಒಂದೇ ಉತ್ತರ ಪತ್ರಿಕೆ, ಇಬ್ಬರು ವ್ಯಾಲ್ಯುಯೇಟರ್, ಒಬ್ಬರು 87 ಕೊಟ್ಟು ಇನ್ನೊಬ್ಬರು 20 ಕೊಟ್ಟರೆ ನಾವು ಏನು ಮಾಡ್ತೀವಿ? ರಿವ್ಯಾಲ್ಯುಯೇಷನ್‌ಗೆ ದುಡ್ಡು ಕಟ್ತೀವಿ, ಫೋಟೊಕಾಪಿ ತರಿಸ್ತೀವಿ, ಯಾರು ಸರಿ ಯಾರು ತಪ್ಪು ಅಂತ ಹುಡುಕ್ತೀವಿ. ಗೇಮ್ ವಿಷಯದಲ್ಲಿ ಮಾತ್ರ ಯಾರೂ ಹುಡುಕೋದಿಲ್ಲ. ಒಬ್ಬ ಫ್ರೆಂಡ್ "ವಿಮರ್ಶಕರೆಲ್ಲಾ ದುಡ್ಡು ತಿಂದಿರ್ತಾರೆ" ಅಂತಾನೆ, ಇನ್ನೊಬ್ಬ "ಜನಕ್ಕೆ ಬುದ್ಧಿ ಇಲ್ಲ, ಸುಮ್ನೆ ಸಿಟ್ಟಿಗೆ ಸೊನ್ನೆ ಹಾಕ್ತಾರೆ" ಅಂತಾನೆ. ಅಲ್ಲಿಗೆ ವಾದ ಮುಗೀತು. ನನ್ನ ಪ್ರಕಾರ ಎರಡೂ ಸರಿ ಅಲ್ಲ. ರೇಸಿಂಗ್ ಗೇಮ್‌ಗಳಿಗೆ ವಿಮರ್ಶಕರು ಕೊಡೋ ಅಂಕ ಸುಳ್ಳಲ್ಲ, ಆದರೆ ನ್ಯಾಯವಾದದ್ದೂ ಅಲ್ಲ. ಈ ಎರಡು ಮಾತು ಒಟ್ಟಿಗೆ ಹೇಗೆ ನಿಜ ಆಗ್ತವೆ ಅನ್ನೋದನ್ನ ಹೇಳೋದಕ್ಕೇ ಈ ಲೇಖನ.

ಮೊದಲು ಈ ಅಂಕ ಹೇಗೆ ಬರುತ್ತೆ ಅಂತ ನೋಡೋಣ. ಮೆಟಾಕ್ರಿಟಿಕ್ ಶುರುವಾಗಿದ್ದು 2001ರಲ್ಲಿ. ಅದು ಸ್ವಂತ ವಿಮರ್ಶೆ ಬರೆಯಲ್ಲ. ಬೇರೆ ಬೇರೆ ಪತ್ರಿಕೆ, ಸೈಟ್‌ಗಳು ಕೊಟ್ಟ ಅಂಕಗಳನ್ನು ತಂದು ನೂರಕ್ಕೆ ಬದಲಾಯಿಸಿ ಸರಾಸರಿ ತೆಗೆಯುತ್ತೆ. ಒಬ್ಬರು ಐದಕ್ಕೆ ನಾಲ್ಕು ಸ್ಟಾರ್ ಕೊಟ್ರೆ ಅದು 80. ಇನ್ನೊಬ್ಬರು ಹತ್ತಕ್ಕೆ 9 ಕೊಟ್ರೆ ಅದು 90. ಆಮೇಲೆ ಎಲ್ಲಾ ಪತ್ರಿಕೆಗೂ ಸಮಾನ ತೂಕ ಇಲ್ಲ. ಕೆಲವಕ್ಕೆ ಜಾಸ್ತಿ, ಕೆಲವಕ್ಕೆ ಕಡಿಮೆ. ಯಾರಿಗೆ ಎಷ್ಟು ಅಂತ ಅವರು ಹೇಳೋದಿಲ್ಲ. 75 ಅಥವಾ ಮೇಲೆ ಬಂದ್ರೆ ಹಸಿರು ಬಣ್ಣ, 50ರಿಂದ 74 ಹಳದಿ, ಅದಕ್ಕಿಂತ ಕೆಳಗೆ ಕೆಂಪು. ಟ್ರಾಫಿಕ್ ಸಿಗ್ನಲ್ ಇದ್ದ ಹಾಗೆ.

ತೂಕ ಗುಟ್ಟಾಗಿಟ್ಟ ಸರಾಸರಿ ಅಂದ್ರೆ ನಮಗೆ ಹೊಸದಲ್ಲ ಬಿಡಿ. ಇಂಟರ್ನಲ್ಸ್ ಮಾರ್ಕ್ಸ್ ಹೇಗೆ ಬಂತು ಅಂತ ಎಷ್ಟು ಜನಕ್ಕೆ ಗೊತ್ತು? ಆದರೆ ಅಲ್ಲಿ ಕೊನೇಪಕ್ಷ ಸಿಐಇ ಇಷ್ಟಕ್ಕೆ, ಎಸ್‌ಇಇ ಇಷ್ಟಕ್ಕೆ ಅಂತ ಬರೆದಿಟ್ಟಿರ್ತಾರೆ.

"ಒಂದು ಗೇಮ್ ಅಂಕದ ಬಗ್ಗೆ ಇಷ್ಟು ತಲೆ ಕೆಡಿಸ್ಕೋಬೇಕಾ?" ಅಂತ ಕೇಳಬಹುದು. ಕೆಡಿಸ್ಕೋಬೇಕು, ಯಾಕಂದ್ರೆ ನಮ್ಮ ದುಡ್ಡು. ಬಿಡುಗಡೆಯಾದಾಗ ಗ್ರಾನ್ ಟುರಿಸ್ಮೊ 7ರ ಪಿಎಸ್5 ಆವೃತ್ತಿಗೆ ಭಾರತದಲ್ಲಿ ಸುಮಾರು 5,000 ರೂಪಾಯಿ ಇತ್ತು. ಬಳ್ಳಾರಿಯಲ್ಲಿ ಪಿಜಿ ಅಥವಾ ಹಾಸ್ಟೆಲ್‌ನಲ್ಲಿ ಇರೋ ಒಬ್ಬ ಹುಡುಗನಿಗೆ ಅದು ತಿಂಗಳ ಊಟದ ದುಡ್ಡು. ಇಂಥ ಗೇಮ್‌ನ ಸೈಜ್ 100 ಜಿಬಿ ದಾಟುತ್ತೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡವನು ಬೇರೇನೂ ನೋಡದೆ ಅದನ್ನೊಂದೇ ಡೌನ್‌ಲೋಡ್ ಮಾಡಿದ್ರೂ 67 ದಿನ ಬೇಕು. ಅಮೆರಿಕದ ವಿಮರ್ಶಕನಿಗೆ ಗೇಮ್ ಫ್ರೀಯಾಗಿ ಬಂದಿರುತ್ತೆ, ಬಿಡುಗಡೆಗೆ ಮುಂಚೆಯೇ. ಅದು ತಪ್ಪಲ್ಲ, ಆ ಕೆಲಸ ನಡೆಯೋದೇ ಹಾಗೆ. ಆದರೆ ಅವನ ಒಂದು ನಂಬರ್ ನೋಡಿ ಮನೇಲಿ ಅಪ್ಪನ ಹತ್ರ ದುಡ್ಡು ಕೇಳೋನು ನಮ್ಮ ಕ್ಲಾಸ್‌ಮೇಟ್.

ಈಗ ಕೇಸ್‌ಗೆ ಬರೋಣ. ಗ್ರಾನ್ ಟುರಿಸ್ಮೊ ಸರಣಿ 1997ರಿಂದ ಇದೆ, ಮಾಡೋರು ಪಾಲಿಫೋನಿ ಡಿಜಿಟಲ್, ಅದರ ಮುಖ್ಯಸ್ಥ ಕಝುನೋರಿ ಯಮೌಚಿ. ಕಾರುಗಳನ್ನು ಪ್ರೀತಿಯಿಂದ ತೋರಿಸೋದು ಈ ಸರಣಿಯ ಹೆಸರುವಾಸಿ ಗುಣ. ವಿಮರ್ಶಕರು ಏಳನೇ ಭಾಗ ಆಡಿದ್ರು. ಡ್ರೈವಿಂಗ್ ಚೆನ್ನಾಗಿದೆ, ಗ್ರಾಫಿಕ್ಸ್ ಅದ್ಭುತ, ಟ್ರ್ಯಾಕ್‌ಗಳು ಮಸ್ತ್. 87 ಬಂತು. ಅವರು ಆಡಿದ ಗೇಮ್‌ಗೆ ಅದು ನ್ಯಾಯವಾದ ಅಂಕವೇ.

ಬಿಡುಗಡೆ ಆಗಿ 13 ದಿನಕ್ಕೆ, ಮಾರ್ಚ್ 17ಕ್ಕೆ, 1.07 ಅನ್ನೋ ಅಪ್‌ಡೇಟ್ ಬಂತು. ಎರಡು ವಿಷಯ ಆಯ್ತು. ಒಂದು, ಸರ್ವರ್‌ಗಳು 30 ಗಂಟೆಗೂ ಜಾಸ್ತಿ ಮಲಗಿದವು. ಈ ಗೇಮ್‌ನಲ್ಲಿ ಒಬ್ಬನೇ ಕೂತು ಆಡೋ ಭಾಗಕ್ಕೂ ಇಂಟರ್ನೆಟ್ ಬೇಕು. ಹಾಗಾಗಿ ದುಡ್ಡು ಕೊಟ್ಟು ಡಿಸ್ಕ್ ತಂದೋರೂ ಹೆಚ್ಚಿನದೇನೂ ಆಡಲಾಗದೆ ಕೂತರು. ಎರಡು, ಹಲವು ರೇಸ್‌ಗಳಲ್ಲಿ ಗೆದ್ದರೆ ಸಿಗೋ ಕ್ರೆಡಿಟ್ ಕಡಿಮೆ ಮಾಡಿದ್ರು. ಕ್ರೆಡಿಟ್ ಅಂದ್ರೆ ಗೇಮ್ ಒಳಗಿನ ದುಡ್ಡು, ಅದರಿಂದ ಕಾರ್ ಕೊಳ್ಳಬೇಕು. ಗಳಿಸೋಕೆ ಟೈಮ್ ಇಲ್ಲ ಅಂದ್ರೆ ನಿಜವಾದ ದುಡ್ಡು ಕೊಟ್ಟು ಕ್ರೆಡಿಟ್ ಕೊಳ್ಳಬಹುದು.

ಲೆಕ್ಕ ಹಾಕಿ ನೋಡಿ. ಆಗ ಗೇಮ್‌ನಲ್ಲಿ ಮೆಕ್‌ಲಾರೆನ್ ಎಫ್1 ಕಾರಿನ ಬೆಲೆ 1 ಕೋಟಿ 85 ಲಕ್ಷ ಕ್ರೆಡಿಟ್ ಇತ್ತು. ಅಮೆರಿಕದಲ್ಲಿ 20 ಲಕ್ಷ ಕ್ರೆಡಿಟ್‌ನ ಪ್ಯಾಕ್‌ಗೆ 20 ಡಾಲರ್. ಪೂರ್ತಿ ದುಡ್ಡು ಕೊಟ್ಟೇ ಕೊಳ್ತೀನಿ ಅಂದ್ರೆ ಹತ್ತು ಪ್ಯಾಕ್ ಬೇಕು, 200 ಡಾಲರ್, ಆಗಿನ ರೇಟ್‌ನಲ್ಲಿ ಸುಮಾರು 15,000 ರೂಪಾಯಿ. ಒಂದು ಕಾರಿಗೆ. ಓಡಿಸೋಕೆ ಆಗದ ಕಾರಿಗೆ! ಮೂರು ಗೇಮ್‌ನ ದುಡ್ಡು ಒಂದು ಗೇಮ್ ಒಳಗಿನ ಒಂದು ಕಾರಿಗೆ ಹೋಯ್ತು.

ಜನ ಸಿಟ್ಟಾದರು. ಸೊನ್ನೆ ಮೇಲೆ ಸೊನ್ನೆ ಬಿತ್ತು. ಯಮೌಚಿ ಮೊದಲು, ಕಾರುಗಳ ಬೆಲೆ ಅವುಗಳ ಅಪರೂಪಕ್ಕೆ ತಕ್ಕಂತೆ ಇರಬೇಕು ಅನ್ನೋ ಅರ್ಥದಲ್ಲಿ ವಿವರಣೆ ಕೊಟ್ಟರು. ಅದು ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು. ತಿಂಗಳ ಕೊನೆಯಲ್ಲಿ ಕ್ಷಮೆ ಕೇಳಿ, ಆಟಗಾರರಿಗೆ 10 ಲಕ್ಷ ಕ್ರೆಡಿಟ್ ಉಚಿತವಾಗಿ ಕೊಟ್ಟು, ಏಪ್ರಿಲ್‌ನಲ್ಲಿ ರೇಸ್‌ಗಳ ಬಹುಮಾನ ಮತ್ತೆ ಹೆಚ್ಚಿಸಿದ್ರು. ಇಷ್ಟೆಲ್ಲಾ ಆಗೋವಾಗ ವಿಮರ್ಶಕರ 87 ಮಾತ್ರ ಹಸಿರು ಡಬ್ಬಿಯಲ್ಲಿ ಆರಾಮಾಗಿ ಕೂತಿತ್ತು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹೊಸ ಮೆಸ್ ಓಪನಿಂಗ್ ದಿನ ಒಬ್ಬರು ಬಂದು ಊಟ ಮಾಡಿದ್ರು. ಬಿಸಿ ಜೋಳದ ರೊಟ್ಟಿ, ಎರಡು ಪಲ್ಯ, ಶೇಂಗಾ ಚಟ್ನಿ, ಮೊಸರು. "ಹತ್ತಕ್ಕೆ ಒಂಬತ್ತು" ಅಂತ ಬೋರ್ಡ್ ಬರೆದು ಹೋದ್ರು. ಎರಡು ವಾರ ಆದ್ಮೇಲೆ ಮೆಸ್‌ನವರು ಒಂದು ಪಲ್ಯ ಬಿಟ್ಟರು, ಮೊಸರಿಗೆ ಎಕ್ಸ್ಟ್ರಾ ದುಡ್ಡು ಅಂದ್ರು. ಬೋರ್ಡ್ ಮಾತ್ರ ಹಾಗೇ ಇದೆ. ಊಟ ಮಾಡಿದವರು ಸುಳ್ಳು ಹೇಳಿದ್ರಾ? ಇಲ್ಲ. ಬೋರ್ಡ್ ನೋಡಿ ಇವತ್ತು ಅಡ್ವಾನ್ಸ್ ಕಟ್ಟೋ ಹುಡುಗನಿಗೆ ಮೋಸ ಆಯ್ತಾ? ಆಯ್ತು. ನಾನು ಹೇಳೋದು ಇಷ್ಟೇ. ಲ್ಯಾಬ್‌ನಲ್ಲಿ ರೀಡಿಂಗ್ ತಗೊಂಡು ಆದ್ಮೇಲೆ ಯಾರಾದ್ರೂ ಸರ್ಕ್ಯೂಟ್ ಬದಲಾಯಿಸಿದ್ರೆ ಆ ರೀಡಿಂಗ್ ತಪ್ಪಲ್ಲ, ಹಳೇದು. ಹಳೇ ರೀಡಿಂಗನ್ನು ಇವತ್ತಿನದು ಅಂತ ತೋರಿಸೋದು ತಪ್ಪು.

ಇದು ಬರೀ ಕಂಪನಿಗೆ ಲಾಭ ಆಗೋ ಕಥೆ ಅಂದುಕೊಳ್ಳಬೇಡಿ. ಉಲ್ಟಾ ಕೂಡ ಆಗಿದೆ. ಅದು ನನಗೆ ಇದಕ್ಕಿಂತ ಜಾಸ್ತಿ ಬೇಜಾರು ತರಿಸೋ ಕಥೆ.

ಡ್ರೈವ್‌ಕ್ಲಬ್ ಅನ್ನೋ ಗೇಮ್ 2014ರ ಅಕ್ಟೋಬರ್‌ನಲ್ಲಿ ಪಿಎಸ್4ಗೆ ಬಂತು. ಇವಲ್ಯೂಷನ್ ಸ್ಟುಡಿಯೋಸ್ ಅನ್ನೋ ಇಂಗ್ಲೆಂಡಿನ ತಂಡ ಮಾಡಿದ್ದು. ಅದರಲ್ಲಿ ನಾರ್ವೆ, ಸ್ಕಾಟ್ಲೆಂಡ್, ಕೆನಡಾ, ಚಿಲಿ ಜೊತೆಗೆ ನಮ್ಮ ಇಂಡಿಯಾದ ರಸ್ತೆಗಳೂ ಇದ್ದವು. ರೇಸಿಂಗ್ ಗೇಮ್‌ಗಳಲ್ಲಿ ಇಂಡಿಯಾ ಅಂದ್ರೆ ಕೋಡ್‌ಮಾಸ್ಟರ್ಸ್‌ನವರ ಎಫ್1 ಗೇಮ್‌ನಲ್ಲಿ ಕೆಲವು ವರ್ಷ ಬಂದು ಹೋದ ಬುದ್ಧ್ ಸರ್ಕ್ಯೂಟ್ ಬಿಟ್ಟರೆ ಸಿಗೋದೇ ಅಪರೂಪ. ಸ್ನೇಹಿತರು ಕ್ಲಬ್ ಕಟ್ಟಿಕೊಂಡು ಆನ್‌ಲೈನ್ ಆಡೋದೇ ಡ್ರೈವ್‌ಕ್ಲಬ್‌ನ ಮೂಲ ಐಡಿಯಾ. ಬಿಡುಗಡೆ ದಿನವೇ ಸರ್ವರ್‌ಗಳು ಕೈಕೊಟ್ಟವು. ವಿಮರ್ಶಕರ ಸರಾಸರಿ 71. ಹಳದಿ ಬಣ್ಣ.

ಆ ತಂಡದವರು ಕೈ ಕಟ್ಟಿ ಕೂರಲಿಲ್ಲ. ಸರ್ವರ್ ರಿಪೇರಿ ಮಾಡಿದ್ರು. ಎರಡೇ ತಿಂಗಳಲ್ಲಿ, ಡಿಸೆಂಬರ್‌ನಲ್ಲಿ, ಮಳೆ ಮತ್ತು ಹಿಮದ ಅಪ್‌ಡೇಟ್ ಉಚಿತವಾಗಿ ಕೊಟ್ಟರು. ಗಾಡಿ ವೇಗ ಹಿಡಿದ ಹಾಗೆ ಗಾಜಿನ ಮೇಲಿನ ಹನಿಗಳು ಹೇಗೆ ಸರಿಯುತ್ತವೆ, ವೈಪರ್ ಹೇಗೆ ಅವನ್ನು ಒರೆಸುತ್ತೆ ಅನ್ನೋದನ್ನ ಯೂಟ್ಯೂಬ್‌ನಲ್ಲಿ ಒಮ್ಮೆ ನೋಡಿ. ಇವತ್ತಿಗೂ ಮಳೆ ಅಂದ್ರೆ ಡ್ರೈವ್‌ಕ್ಲಬ್ ಅಂತ ಗೇಮರ್‌ಗಳು ನೆನೆಸ್ಕೋತಾರೆ. ಅಂಕ ಮಾತ್ರ 71ರಲ್ಲೇ ನಿಂತಿತು. ಬಿದ್ದ ಸಬ್ಜೆಕ್ಟನ್ನು ಮತ್ತೆ ಕಟ್ಟಿ 90 ತೆಗೆದರೂ ಮಾರ್ಕ್ಸ್‌ಕಾರ್ಡ್‌ನಲ್ಲಿ ಹಳೇ ನಂಬರೇ ಉಳಿದ ಹಾಗೆ. 2016ರ ಮಾರ್ಚ್‌ನಲ್ಲಿ ಸೋನಿ ಆ ಸ್ಟುಡಿಯೋ ಮುಚ್ಚಿತು. ಅಂಕದಿಂದಲೇ ಮುಚ್ಚಿತು ಅಂತ ನಾನು ಹೇಳಲ್ಲ, ಒಂದು ಸ್ಟುಡಿಯೋ ಮುಚ್ಚೋಕೆ ಹತ್ತು ಕಾರಣ ಇರುತ್ತೆ. ಆದರೆ ಅವರ ಎರಡನೇ ಪ್ರಯತ್ನವನ್ನು ಯಾವ ಅಂಕವೂ ಲೆಕ್ಕಕ್ಕೆ ತಗೊಳ್ಳಲಿಲ್ಲ ಅನ್ನೋದಂತೂ ನಿಜ. 2020ರ ಮಾರ್ಚ್ 31ಕ್ಕೆ ಸರ್ವರ್‌ಗಳನ್ನೂ ಆರಿಸಿದ್ರು.

ಒಟ್ಟಿನಲ್ಲಿ ಮೊದಲನೇ ಆಕ್ಷೇಪ ಇದು: ಇವತ್ತಿನ ರೇಸಿಂಗ್ ಗೇಮ್ ಓಡ್ತಾ ಇರೋ ವಸ್ತು, ಅಂಕ ನಿಂತಿರೋ ವಸ್ತು. ಓಡ್ತಾ ಇರೋ ಬಸ್ಸಿನ ಒಂದು ಫೋಟೊ ತೆಗೆದು "ಬಸ್ಸು ಇಲ್ಲೇ ಇದೆ" ಅಂದ್ರೆ ಹೇಗೆ?

ಎರಡನೇ ಆಕ್ಷೇಪ: ಯಾರು ಅಳೆದರು, ಯಾವುದರಿಂದ ಅಳೆದರು? ರೇಸಿಂಗ್ ಗೇಮ್ ವಿಮರ್ಶೆಯನ್ನು ಪತ್ರಿಕೆಗಳು ಸಾಮಾನ್ಯವಾಗಿ ರೇಸಿಂಗ್ ಇಷ್ಟಪಡೋರಿಗೇ ಕೊಡ್ತಾರೆ. ಅದು ಸಹಜ, ಕ್ರಿಕೆಟ್ ಗೊತ್ತಿಲ್ಲದವನ ಕೈಲಿ ಕ್ರಿಕೆಟ್ ವರದಿ ಬರೆಸೋದಿಲ್ಲ. ಆದರೆ ಮೂರನೇ ಸೆಮ್ ಮ್ಯಾಥ್ಸ್‌ನಲ್ಲಿ ಸ್ಯಾಂಪ್ಲಿಂಗ್ ಓದಿದ ಎಲ್ಲರಿಗೂ ಗೊತ್ತು, ಸ್ಯಾಂಪಲ್ ಎಲ್ಲಿಂದ ತಗೊಂಡ್ರಿ ಅನ್ನೋದು ಮುಖ್ಯ. ಅವರ ಹತ್ರ ಒಳ್ಳೇ ಟಿವಿ, ಹೊಸ ಕನ್ಸೋಲ್, ಎಷ್ಟೋ ಸಲ ಸ್ಟೀರಿಂಗ್ ವೀಲ್ ಮತ್ತು ಪೆಡಲ್ ಕೂಡ ಇರುತ್ತೆ. ನಮ್ಮಲ್ಲಿ ಬಹಳ ಜನ ಆಡೋದು ಲ್ಯಾಪ್‌ಟಾಪ್ ಕೀಬೋರ್ಡ್‌ನಲ್ಲಿ, ಬಾಣದ ಗುರುತಿನ ನಾಲ್ಕು ಕೀ ಒತ್ತಿ. ಕೀಬೋರ್ಡ್‌ನಲ್ಲಿ ಸ್ಟೀರಿಂಗ್ ಅಂದ್ರೆ ಪೂರ್ತಿ ಎಡ ಅಥವಾ ಪೂರ್ತಿ ಬಲ. ಮಧ್ಯೆ ಏನೂ ಇಲ್ಲ. ವೀಲ್‌ನಲ್ಲಿ ಸ್ವರ್ಗದಂಥ ಸಿಮ್ಯುಲೇಟರ್ ಕೀಬೋರ್ಡ್‌ನಲ್ಲಿ ನರಕ ಆಗಬಹುದು.

ಅದರ ಮೇಲೆ ನಮ್ಮ ಊರಿನ ಬಿಸಿಲು. ಏಪ್ರಿಲ್ ಮಧ್ಯಾಹ್ನ ಪಾರ್ವತಿನಗರದ ನಮ್ಮ ಮನೆ ಮಾಳಿಗೆ ರೂಮಿನಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ ಲ್ಯಾಪ್‌ಟಾಪ್‌ನಲ್ಲಿ ರೇಸಿಂಗ್ ಗೇಮ್ ಹಾಕಿ ನೋಡಿ. ಹತ್ತು ನಿಮಿಷಕ್ಕೆ ಫ್ಯಾನ್ ಮಿಕ್ಸಿ ತರ ಕೂಗುತ್ತೆ, ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳೋಕೆ ಸ್ಪೀಡ್ ಇಳಿಸುತ್ತೆ, ನಿಮ್ಮ ಕಾರು ಸ್ಲೈಡ್ ಶೋ ಆಗುತ್ತೆ. ಕುಡಿತಿನಿಯಲ್ಲಿ 1,700 ಮೆಗಾವ್ಯಾಟ್‌ನ ಥರ್ಮಲ್ ಸ್ಟೇಷನ್ ಇದ್ದರೂ ಕೊನೇ ಲ್ಯಾಪ್‌ನಲ್ಲೇ ಕರೆಂಟ್ ಹೋಗೋದು ನಮ್ಮ ಹಣೆಬರಹ. ಕರೆಂಟ್ ಹೋದ್ರೆ ವೈಫೈ ಹೋಯ್ತು, ವೈಫೈ ಹೋದ್ರೆ ಸದಾ ಆನ್‌ಲೈನ್ ಇರಬೇಕಾದ ಗೇಮ್ ಹೋಯ್ತು. ಸದಾ ಆನ್‌ಲೈನ್ ಅನ್ನೋ ಶರತ್ತು ಲಂಡನ್ನಿನಲ್ಲಿ ಕೂತವನಿಗೆ ಅರ್ಧ ಅಂಕದ ದೋಷ. ನಮಗೆ ಅದು ಗೇಮ್ ಆಡಬಹುದೋ ಇಲ್ಲವೋ ಅನ್ನೋ ಪ್ರಶ್ನೆ.

ಇನ್ನೊಂದು ಉದಾಹರಣೆ. ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ಅನ್ನೋ ಹೆಸರಲ್ಲಿ ಎರಡು ಗೇಮ್ ಇವೆ, 2005ರದ್ದು ಒಂದು, 2012ರದ್ದು ಒಂದು. ವಿಮರ್ಶಕರ ಲೆಕ್ಕದಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ, 80ರ ಆಚೀಚೆ. ಈಗ ಯಾವುದೇ ಹಾಸ್ಟೆಲ್‌ಗೆ ಹೋಗಿ ಕೇಳಿ. 2005ರದ್ದು ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ, ಅಣ್ಣನಿಂದ ತಮ್ಮನಿಗೆ ಬಂದ ಆಸ್ತಿ. ಆ ಬಿಎಂಡಬ್ಲ್ಯೂ, ಆ ಬ್ಲ್ಯಾಕ್‌ಲಿಸ್ಟ್, ಆ ಪೊಲೀಸ್ ಚೇಸ್ ಗೊತ್ತಿಲ್ಲದವರು ಕಡಿಮೆ. ಯಾಕೆ? ಹಳೇ ಡಬ್ಬಾ ಕಂಪ್ಯೂಟರ್‌ನಲ್ಲೂ ಓಡುತ್ತೆ, ಇಂಟರ್ನೆಟ್ ಬೇಡ, ಕೀಬೋರ್ಡ್‌ಗೆ ಒಗ್ಗುತ್ತೆ, ಕಥೆ ಇದೆ. ಈ ಗುಣಗಳಿಗೆ ವಿಮರ್ಶಕರ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ. ನಮ್ಮ ಪಟ್ಟಿಯಲ್ಲಿ ಅವೇ ಮೊದಲ ನಾಲ್ಕು ಕಾಲಮ್.

ಮೂರನೇ ಆಕ್ಷೇಪ ಸ್ವಲ್ಪ ಟೆಕ್ನಿಕಲ್, ಆದರೆ ನಾವು ಎಂಜಿನಿಯರಿಂಗ್ ಓದೋರು, ತಡ್ಕೋತೀರಿ ಅಂದ್ಕೊಂಡಿದೀನಿ. ನೂರರ ಸ್ಕೇಲ್ ಅಂತ ಹೆಸರು, ಆದರೆ ದೊಡ್ಡ ಕಂಪನಿಯ ರೇಸಿಂಗ್ ಗೇಮ್‌ಗಳು ಬಹುಪಾಲು ಬೀಳೋದು 70ರಿಂದ 92ರ ಒಳಗೆ. ಫೋರ್ಝಾ ಹೊರೈಝನ್ 4ಕ್ಕೂ 92, ಹೊರೈಝನ್ 5ಕ್ಕೂ 92. ಹತ್ತಕ್ಕೆ 7 ಅಂದ್ರೆ ಐಜಿಎನ್ ಭಾಷೆಯಲ್ಲಿ 'ಗುಡ್', ಓದುಗರ ಭಾಷೆಯಲ್ಲಿ 'ಡಬ್ಬಾ'. ಇಂಟರ್ನಲ್ಸ್‌ನಲ್ಲಿ ಇಡೀ ಕ್ಲಾಸ್‌ಗೆ 50ಕ್ಕೆ 45ರ ಮೇಲೆ ಬಂದಾಗ 42 ಬಂದವನು ಫೇಲ್ ಆದವನ ತರ ಮುಖ ಮಾಡ್ಕೊಂಡು ಓಡಾಡ್ತಾನಲ್ಲ, ಹಾಗೆ.

ಇಷ್ಟು ಇಕ್ಕಟ್ಟಿನ ಸ್ಕೇಲ್‌ನಲ್ಲಿ ಒಂದು ಅಂಕದ ವ್ಯತ್ಯಾಸಕ್ಕೆ ಅರ್ಥ ಇದೆಯಾ? ಉದಾಹರಣೆಗೆ ಒಂದು ಗೇಮ್‌ಗೆ 60 ವಿಮರ್ಶೆ ಬಂದಿವೆ, ಸ್ಟ್ಯಾಂಡರ್ಡ್ ಡೀವಿಯೇಷನ್ 7 ಅಂತ ಹಿಡಿಯೋಣ. ಸ್ಟ್ಯಾಂಡರ್ಡ್ ಎರರ್ ಅಂದ್ರೆ 7 ಭಾಗಿಸು 60ರ ವರ್ಗಮೂಲ, ಸುಮಾರು 0.9. 95 ಪರ್ಸೆಂಟ್ ನಂಬಿಕೆಗೆ ±1.8. ಅಂದ್ರೆ 84 ಬಂದ ಗೇಮ್ ನಿಜದಲ್ಲಿ 82 ಕೂಡ ಇರಬಹುದು, 86 ಕೂಡ ಇರಬಹುದು. ಆದರೆ ಈ ಒಂದು ಅಂಕದ ಮೇಲೆ ಜನರ ಸಂಬಳ ನಿಂತಿದ್ದ ಕಥೆ ಇದೆ. ರೇಸಿಂಗ್ ಅಲ್ಲ, ಫಾಲ್‌ಔಟ್ ನ್ಯೂ ವೇಗಸ್ ಅನ್ನೋ 2010ರ ಗೇಮ್. ಮೆಟಾಕ್ರಿಟಿಕ್‌ನಲ್ಲಿ 85 ಬಂದ್ರೆ ಅದನ್ನು ಮಾಡಿದ ಆಬ್ಸಿಡಿಯನ್ ತಂಡಕ್ಕೆ ಬೋನಸ್ ಅಂತ ಒಪ್ಪಂದ. ಬಂದದ್ದು 84. ಬೋನಸ್ ಸಿಗಲಿಲ್ಲ. ಇದನ್ನು ಆ ತಂಡದ ಕ್ರಿಸ್ ಅವೆಲೋನ್ ಅವರೇ 2012ರಲ್ಲಿ ಹೇಳಿದ್ರು. ಇವತ್ತು ಆ ಗೇಮ್ ಅನ್ನು ಅದರ ಸರಣಿಯ ಬೆಸ್ಟ್ ಅನ್ನೋರು ಎಷ್ಟೋ ಜನ.

ಇದನ್ನು ಓದಿದಾಗ ನನಗೆ ನೆನಪಾದದ್ದು ಪ್ಲೇಸ್‌ಮೆಂಟ್ ನೋಟಿಸ್. ಸಿಜಿಪಿಎ 7.0 ಕಟ್‌ಆಫ್ ಅಂತ ಹಾಕಿರ್ತಾರೆ. 6.98 ಇರೋ ಸೀನಿಯರ್ ಟೆಸ್ಟ್ ಬರೆಯೋಕೂ ಕೂರೋ ಹಾಗಿಲ್ಲ. ಅವನ ಮತ್ತು 7.02ರವನ ನಡುವೆ ಇರೋದು ಯಾವುದೋ ಒಂದು ಸೆಮ್‌ನ ಯಾವುದೋ ಒಂದು ಪೇಪರ್‌ನ ಐದಾರು ಮಾರ್ಕ್ಸ್. ಅಳತೆಗೋಲಿನ ಎರರ್‌ಗಿಂತ ಸಣ್ಣ ವ್ಯತ್ಯಾಸದ ಮೇಲೆ ಒಬ್ಬನನ್ನು ಒಳಗೆ, ಒಬ್ಬನನ್ನು ಹೊರಗೆ ನಿಲ್ಲಿಸೋದು ಅಳತೆ ಅಲ್ಲ, ಲಾಟರಿ.

ಹಾಗಾದ್ರೆ ಜನರ ಅಂಕವೇ ಸರಿ ಅಂತಾನಾ? ಅದೂ ಅಲ್ಲ. ಬುಕ್‌ಮೈಶೋ ರೇಟಿಂಗ್ ನೋಡಿದ ಯಾವ ಕನ್ನಡ ಸಿನಿಮಾ ಪ್ರೇಕ್ಷಕನಿಗೂ ಇದು ಗೊತ್ತು. ನಮ್ಮ ಬಾಸ್ ಸಿನಿಮಾಗೆ ಮಾರ್ನಿಂಗ್ ಶೋ ಇಂಟರ್ವಲ್‌ಗೆ ಮುಂಚೆಯೇ ಹತ್ತಕ್ಕೆ ಹತ್ತು. ಅವರ ಬಾಸ್ ಸಿನಿಮಾಗೆ ಟಿಕೆಟ್ಟೇ ತಗೊಳ್ಳದೆ ಹತ್ತಕ್ಕೆ ಒಂದು. ಗೇಮ್‌ಗಳಲ್ಲೂ ಅಷ್ಟೇ. ಪ್ಲೇಸ್ಟೇಷನ್ ಫ್ಯಾನ್ ಫೋರ್ಝಾಗೆ ಸೊನ್ನೆ ಹಾಕ್ತಾನೆ, ಎಕ್ಸ್‌ಬಾಕ್ಸ್ ಫ್ಯಾನ್ ಗ್ರಾನ್ ಟುರಿಸ್ಮೊಗೆ ಸೊನ್ನೆ ಹಾಕ್ತಾನೆ. ಬಿಡುಗಡೆಯಾದ ಗಂಟೆಯಲ್ಲೇ ಸೊನ್ನೆಗಳ ಮಳೆ ಬರೋದು ಜಾಸ್ತಿಯಾಗಿ ಮೆಟಾಕ್ರಿಟಿಕ್ 2020ರಲ್ಲಿ ಒಂದು ನಿಯಮ ತಂತು. ಗೇಮ್ ಬಂದು 36 ಗಂಟೆ ಕಳೆಯೋವರೆಗೆ ಜನ ಅಂಕ ಕೊಡೋ ಹಾಗಿಲ್ಲ. ಕೊನೇಪಕ್ಷ ಒಂದಿಷ್ಟು ಆಡಿ ಬನ್ನಿ ಅಂತ.

ಗ್ರಾನ್ ಟುರಿಸ್ಮೊ 7ರ ಎರಡಕ್ಕಿಂತ ಕಡಿಮೆ ಅಂಕವೂ ಅಳತೆ ಅಲ್ಲ. ಕಾರು ಓಡಿಸೋ ಮಜಾ ಒಂದೇ ರಾತ್ರಿಯಲ್ಲಿ 87ರಿಂದ 20ಕ್ಕೆ ಇಳಿಯೋದಿಲ್ಲ. ಅದು ಪ್ರತಿಭಟನೆ. ಬಂದ್ ಇದ್ದ ಹಾಗೆ. ಬಂದ್ ದಿನ ಅಂಗಡಿ ಮುಚ್ಚಿದೆ ಅಂದ ಮಾತ್ರಕ್ಕೆ ವ್ಯಾಪಾರ ಡಲ್ ಅಂತ ಅರ್ಥ ಅಲ್ಲ, ಜನ ಏನೋ ಹೇಳ್ತಿದ್ದಾರೆ ಅಂತ ಅರ್ಥ. ಮತ್ತೆ ಆ ಪ್ರತಿಭಟನೆ ಕೆಲಸ ಮಾಡ್ತು, ಕಂಪನಿ ಬಗ್ಗಿತು, ಬಹುಮಾನ ಏರಿಸ್ತು. ಅದನ್ನು ನಾನು ಗೌರವಿಸ್ತೀನಿ. ಆದರೆ ಪ್ರತಿಭಟನೆಯನ್ನು ವಿಮರ್ಶೆ ಅಂತ ಕರೆಯೋಕೆ ಆಗಲ್ಲ. ಒಂದು ಕಡೆ ಹಳೇ ಫೋಟೊ, ಇನ್ನೊಂದು ಕಡೆ ಘೋಷಣೆ. ಕೊಳ್ಳೋನಿಗೆ ಬೇಕಾದದ್ದು ಎರಡೂ ಅಲ್ಲ, ಇವತ್ತಿನ ಸ್ಥಿತಿ.

ನನ್ನ ರೂಮಿನ ಕಡೆ ಒಬ್ಬ ಇದಾನೆ, ಸಿರುಗುಪ್ಪದವನು. ಇದೆಲ್ಲಾ ಹೇಳಿದ್ರೆ ಅವನು "ಲೇ, ಅಷ್ಟೆಲ್ಲಾ ಓದ್ಕೊಂತ ಕುಂದ್ರಾಕ ಯಾರಿಗೆ ಟೈಮ್ ಐತಲೇ? ನಂಬರ್ ನೋಡು, ತಗೋ, ಆಡು" ಅಂತಾನೆ. ಅವನ ಮಾತಲ್ಲೂ ಹುರುಳಿದೆ. ಸಾವಿರಾರು ಗೇಮ್ ಇರೋ ಜಗತ್ತಿನಲ್ಲಿ ನಂಬರ್ ಒಂದು ಜರಡಿ. 40 ಬಂದ ಗೇಮ್ ಬಹುತೇಕ ಕೆಟ್ಟದ್ದೇ ಇರುತ್ತೆ, ಅಷ್ಟರ ಮಟ್ಟಿಗೆ ಜರಡಿ ಕೆಲಸ ಮಾಡುತ್ತೆ. ವಿಮರ್ಶಕರೇ ಬೇಡ ಅಂದ್ರೆ ಉಳಿಯೋದು ಜಾಹೀರಾತು ಮತ್ತು ದುಡ್ಡು ತಗೊಂಡು ಹೊಗಳೋ ಇನ್‌ಫ್ಲುಯೆನ್ಸರ್‌ಗಳು ಮಾತ್ರ. ಅದು ಇನ್ನೂ ಕಷ್ಟ. ಜೊತೆಗೆ, ಒಳ್ಳೇ ವಿಮರ್ಶೆಗಳ ಒಳಗಿನ ಬರಹ ಸಾಮಾನ್ಯವಾಗಿ ಅಂಕಕ್ಕಿಂತ ಪ್ರಾಮಾಣಿಕವಾಗಿರುತ್ತೆ. ಯಾರಿಗೆ ಇಷ್ಟ ಆಗುತ್ತೆ, ಯಾರಿಗೆ ಆಗಲ್ಲ, ಏನು ತೊಂದರೆ ಅಂತ ಅಲ್ಲಿ ಬರೆದಿರ್ತಾರೆ. ಸಾವಿರ ಪದ ಬರೆದು ಕೊನೆಗೆ ಒಂದು ನಂಬರ್ ಹಾಕ್ತಾರೆ, ನಾವು ಸಾವಿರ ಪದ ಬಿಟ್ಟು ನಂಬರ್ ಓದ್ತೀವಿ. ಆಮೇಲೆ ಸರಾಸರಿ ತೆಗೆಯೋ ಸೈಟ್ ಆ ಪದಗಳನ್ನೂ ಉದುರಿಸಿ ನಂಬರ್ ಮಾತ್ರ ಇಟ್ಕೊಳ್ಳುತ್ತೆ. ಅನ್ಯಾಯ ಹುಟ್ಟೋದು ಅಲ್ಲೇ.

ಇದನ್ನು ಸರಿ ಮಾಡೋಕೆ ಪ್ರಯತ್ನ ನಡೆದಿಲ್ಲ ಅಂತೇನಿಲ್ಲ. ಯೂರೋಗೇಮರ್ 2015ರಲ್ಲಿ ಹತ್ತರ ಅಂಕ ಕೊಡೋದನ್ನೇ ಬಿಟ್ಟು, ಕೊಳ್ಳಿ, ಬೇಡ ಅನ್ನೋ ತರದ ಶಿಫಾರಸು ಶುರು ಮಾಡಿತು. ಬಿಡುಗಡೆ ಆದ್ಮೇಲೂ ಗೇಮ್‌ಗಳು ಬದಲಾಗ್ತವೆ ಅನ್ನೋದೂ ಅವರ ಕಾರಣಗಳಲ್ಲಿ ಒಂದು. 2023ರಲ್ಲಿ ಅವರೂ ಐದು ಸ್ಟಾರ್‌ಗೆ ವಾಪಸ್ ಬಂದ್ರು. ನಂಬರ್ ಇಲ್ಲದೆ ಬದುಕೋದು ಅಷ್ಟು ಸುಲಭ ಅಲ್ಲ ಅಂತಾಯ್ತು. ನನಗೆ ಹೆಚ್ಚು ಹಿಡಿಸಿದ್ದು ಸ್ಟೀಮ್‌ನವರು 2016ರಲ್ಲಿ ಮಾಡಿದ್ದು. ಅಲ್ಲಿ ಎರಡು ಸಾಲು ಇರುತ್ತೆ. ಒಂದು, ಶುರುವಿನಿಂದ ಇಲ್ಲಿವರೆಗೆ ಜನ ಏನಂದ್ರು. ಇನ್ನೊಂದು, ಇತ್ತೀಚೆಗೆ ಏನಂತಿದ್ದಾರೆ. ಡ್ರೈವ್‌ಕ್ಲಬ್‌ನಂಥ ಗೇಮ್ ಸುಧಾರಿಸಿದ್ರೆ ಎರಡನೇ ಸಾಲು ಮೇಲೇರುತ್ತೆ, ಗ್ರಾನ್ ಟುರಿಸ್ಮೊದಂಥದ್ದು ಕೈಕೊಟ್ರೆ ಎರಡನೇ ಸಾಲು ಕೆಳಗಿಳಿಯುತ್ತೆ. ಇಷ್ಟು ಸರಳ. ವಿಮರ್ಶಕರ ಅಂಕಕ್ಕೂ ಪಕ್ಕದಲ್ಲಿ ತಾರೀಖು, ಯಾವ ಅಪ್‌ಡೇಟ್ ಆಡಿದ್ದು, ವೀಲ್ ಮೇಲೋ ಕಂಟ್ರೋಲರ್ ಮೇಲೋ ಅಂತ ಬರೆದ್ರೆ, ಆರು ತಿಂಗಳಿಗೆ ಒಮ್ಮೆ ಮತ್ತೆ ನೋಡಿದ್ರೆ, ಅರ್ಧ ಅನ್ಯಾಯ ಹೋಗುತ್ತೆ.

ನಮಗೆ ಇನ್ನೊಂದು ಕಾರಣಕ್ಕೂ ಇದು ಮುಖ್ಯ. ಗೇಮ್ ಅಂದ್ರೆ ಎಲ್ಲೋ ಜಪಾನ್‌ನಲ್ಲಿ, ಅಮೆರಿಕದಲ್ಲಿ ಆಗೋದು ಅಂದುಕೊಳ್ತೀವಿ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಫೋರ್ಝಾ ಸರಣಿಯ ಕೆಲಸದಲ್ಲೂ ಅವರ ಕೈ ಇತ್ತು. 2019ರಲ್ಲಿ ಜಿಟಿಎ ಮಾಡೋ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡುಕೊಂಡಿತು. ಅಂದ್ರೆ ನೀವು ಸ್ಕ್ರೀನ್ ಮೇಲೆ ಓಡಿಸೋ ಫೋರ್ಝಾದ ಹಿಂದೆ ನಮ್ಮ ಬೆಂಗಳೂರಿನಲ್ಲಿ ರಾತ್ರಿ ಎಲ್ಲಾ ಕೂತು ಕೆಲಸ ಮಾಡಿದವರ ಪಾಲೂ ಇದೆ. ನಾಳೆ ನಮ್ಮ ಬ್ಯಾಚ್‌ನ ಯಾರೋ ಒಬ್ಬರು ಅಲ್ಲಿ ಕೂತಿರಬಹುದು. ಅವರ ಎರಡು ವರ್ಷದ ಕೆಲಸ ಎರಡಂಕಿಯ ಒಂದು ನಂಬರ್ ಆಗಿ, ಆ ನಂಬರ್ ಮೇಲೆ ಬೋನಸ್ ನಿರ್ಧಾರ ಆದ್ರೆ ನಮಗೆ ಸರಿ ಅನ್ಸುತ್ತಾ?

ಹಾಗಾಗಿ ನನ್ನ ಅಭಿಪ್ರಾಯ ಇದು. ವಿಮರ್ಶಕರನ್ನು ಬೈಯೋದು ಬಿಡಿ, ಅವರ ಬರಹ ಓದಿ. ಅಂಕವನ್ನು ತೀರ್ಪು ಅಂತ ನೋಡಬೇಡಿ, ಆ ದಿನದ ರೀಡಿಂಗ್ ಅಂತ ನೋಡಿ. ಹೊಸ ಗೇಮ್ ಬಂದ ದಿನವೇ ಕೊಳ್ಳಬೇಡಿ, ಒಂದು ತಿಂಗಳು ತಡೀರಿ. ಗ್ರಾನ್ ಟುರಿಸ್ಮೊ 7ಕ್ಕೆ 13 ದಿನ ತಡೆದಿದ್ರೂ ಸಾಕಿತ್ತು. ಜಾಸ್ತಿ ಅಂಕ ಕೊಟ್ಟ ಒಂದು ವಿಮರ್ಶೆ, ಕಡಿಮೆ ಅಂಕ ಕೊಟ್ಟ ಒಂದು ವಿಮರ್ಶೆ, ಎರಡನ್ನೂ ಪೂರ್ತಿ ಓದಿ. ಇಪ್ಪತ್ತು ನಿಮಿಷದ ಕೆಲಸ, ಉಳಿಯೋದು ಐದು ಸಾವಿರ.

ನಮ್ಮ ಕನ್ನಡ ಸಂಘಕ್ಕೆ ಒಂದು ಸಲಹೆಯೂ ಇದೆ. ಈ ಪತ್ರಿಕೆಯಲ್ಲಿ ತಿಂಗಳಿಗೆ ಒಂದು ಪುಟ ಗೇಮ್ ವಿಮರ್ಶೆಗೆ ಕೊಡಿ. ಅಂಕ ಹಾಕೋದು ಬೇಡ. ಬದಲಿಗೆ ಆರು ಸಾಲು ಕಡ್ಡಾಯ ಮಾಡೋಣ: ಯಾವ ಲ್ಯಾಪ್‌ಟಾಪ್ ಅಥವಾ ಫೋನ್‌ನಲ್ಲಿ ಆಡಿದ್ದು, ಕೀಬೋರ್ಡೋ ಕಂಟ್ರೋಲರೋ, ಎಷ್ಟು ಗಂಟೆ ಆಡಿದ್ದು, ಎಷ್ಟು ಡೇಟಾ ತಿಂತು, ನೆಟ್ ಇಲ್ಲದೆ ಓಡುತ್ತಾ, ಯಾವ ತಾರೀಖಿನಲ್ಲಿ ಬರೆದದ್ದು. ಅದರ ಕೆಳಗೆ ಏನು ಬೇಕಾದ್ರೂ ಬರೀರಿ, ಹೊಗಳಿ, ಬೈಯಿರಿ. ಬಳ್ಳಾರಿ ಬಿಸಿಲಲ್ಲಿ ಗೇಮ್ ಹೇಗೆ ಓಡುತ್ತೆ ಅಂತ ಐಜಿಎನ್‌ನವರು ಯಾವತ್ತೂ ಬರೆಯಲ್ಲ. ಅದನ್ನು ನಾವೇ ಬರೀಬೇಕು. ಮೊದಲನೇ ಪುಟಕ್ಕೆ ನನ್ನ ಹೆಸರು ಹಾಕ್ಕೊಳ್ಳಿ, ಸೆಮ್ ಎಕ್ಸಾಮ್ ಮುಗಿದ ತಕ್ಷಣ ಕಳಿಸ್ತೀನಿ.